ತುಂಗಭದ್ರೆಯ ಬಲದಂಡೆ (ಬಳ್ಳಾರಿ ಜಿಲ್ಲೆ)

ಬಳ್ಳಾರಿ ಜಿಲ್ಲೆಯ ಗಡಿಯಾಗಿ ಹರಿಯುವ ತುಂಗಭದ್ರಾ ನದಿಯ ಬಲಬದಿಯ ನೆಲ. ಕಂಪ್ಲಿಯಿಂದ ಸಿರುಗುಪ್ಪ ತಾಲ್ಲೂಕಿನ ಕೊನೆಯ ಹಳ್ಳಿಗಳವರೆಗೆ ಇದು ಚಾಚಿಕೊಂಡಿದೆ. ಎದುರು ದಂಡೆಯಲ್ಲಿ ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಿವೆ. ಕಡಲು ಕಾಣದ ಈ ಒಣಸೀಮೆಗೆ ನದಿಯ ದಂಡೆಯೇ ತೀರ. ಮರಳದಿಣ್ಣೆ, ಬಂಡೆಗಳ ನಡುವಿನ ಮಡು, ನಡುಗಡ್ಡೆ, ಭತ್ತದ ಬಯಲು, ಕೋಟೆಯ ಊರುಗಳು, ನೀರುನಾಯಿ ಮತ್ತು ಕರಡಿಗಳ ರಕ್ಷಿತ ನೆಲೆಗಳು ಇಲ್ಲಿ ಒಂದು ದಿನದ ಪ್ರಯಾಣದ ಅಳತೆಯೊಳಗೆ ಸಿಗುತ್ತವೆ. ಹಂಪಿಗೆ ಬರುವ ಲಕ್ಷಾಂತರ ಪ್ರವಾಸಿಗರಲ್ಲಿ ಹೆಚ್ಚಿನವರು ಕಂಪ್ಲಿಯಿಂದ ಕೆಳಗಿನ ದಂಡೆಯನ್ನು ನೋಡದೆ ಮರಳುತ್ತಾರೆ. ಆದ್ದರಿಂದಲೇ ಹೋಟೆಲು, ರೆಸಾರ್ಟುಗಳ ಸಾಲು ಇನ್ನೂ ಇತ್ತ ಇಳಿದಿಲ್ಲ.

ಭೂಸ್ವರೂಪ

ಹೊಸಪೇಟೆ ಬಳಿಯ ಅಣೆಕಟ್ಟೆಯನ್ನು ದಾಟಿದ ತುಂಗಭದ್ರೆ ಹಂಪಿ, ಆನೆಗೊಂದಿಗಳ ಹೆಬ್ಬಂಡೆಗಳ ನಡುವೆ ಕೊರೆದುಕೊಂಡು ಬಂದು ಕಂಪ್ಲಿಯ ಹೊತ್ತಿಗೆ ಬಯಲಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಪಾತ್ರ ಹರವಾಗಿದೆ. ಸಿರುಗುಪ್ಪದ ಬಳಿ ನದಿ ಕವಲೊಡೆದು ದೇಶನೂರಿನ ನಡುಗಡ್ಡೆಯನ್ನು ಬಳಸಿಕೊಂಡು ಹರಿಯುತ್ತದೆ. ಪಟ್ಟಣ ಇರುವುದು ಕಿರಿದಾದ ಕವಲಿನ ಮೇಲೆ.

ದಂಡೆಯಿಂದ ಒಳಕ್ಕೆ ಹೋದಂತೆ ಎರಡು ಬಗೆಯ ನೆಲ ಕಾಣುತ್ತದೆ. ಸಿರುಗುಪ್ಪದ ಕಡೆ ಎರೆಭೂಮಿ. ಬೇಸಿಗೆಯಲ್ಲಿ ಮೊಣಕಾಲು ಇಳಿಯುವಷ್ಟು ಬಿರುಕು ಬಿಡುವ, ಮಳೆ ಬಿದ್ದರೆ ಕಾಲಿಗೆ ಅಂಟಿ ಬಿಡದ ಕಪ್ಪುಮಣ್ಣು. ಕುರುಗೋಡು, ಬಳ್ಳಾರಿ ಕಡೆ ಮಸಾರಿ ನೆಲ ಮತ್ತು ಅದರಿಂದ ಎದ್ದು ನಿಂತ ಗ್ರಾನೈಟು ಗುಡ್ಡಗಳು. ವರ್ಷದ ಮಳೆ ಸುಮಾರು 500 ಮಿ.ಮೀ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಕರ್ನಾಟಕದ ಅತ್ಯಂತ ಒಣ ಸೀಮೆಗಳಲ್ಲಿ ಇದೂ ಒಂದು.

ಬಾಬಾಬುಡನ್‌ಗಿರಿಯಲ್ಲಿ ಹುಟ್ಟಿ, ಹಿರಿಯೂರಿನ ವಾಣಿವಿಲಾಸ ಸಾಗರವನ್ನು ದಾಟಿ ಬರುವ ವೇದಾವತಿ ಈ ಸೀಮೆಯಲ್ಲಿ ಹಗರಿ ಎಂದೇ ಪರಿಚಿತ. ಅದು ಬಳ್ಳಾರಿ ನಗರದ ಪೂರ್ವಕ್ಕೆ ಹರಿದು, ಸಿರುಗುಪ್ಪ ಸೀಮೆಯಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ವರ್ಷದ ಬಹುಕಾಲ ಹಗರಿಯಲ್ಲಿ ಕಾಣುವುದು ನೀರಲ್ಲ, ಮರಳು. ಗಾಳಿಗೆ ಎದ್ದ ಮರಳು ಪಕ್ಕದ ಹೊಲಗಳಿಗೆ ನುಗ್ಗುತ್ತಿದ್ದುದನ್ನು ಬ್ರಿಟಿಷರ ಕಾಲದ ಗೆಜೆಟಿಯರುಗಳು ದಾಖಲಿಸಿವೆ.

ಇತಿಹಾಸ

ಈ ದಂಡೆಯಲ್ಲಿ ಮನುಷ್ಯರ ವಾಸ ಬಹಳ ಹಳೆಯದು. ತೆಕ್ಕಲಕೋಟೆಯ ಗುಡ್ಡಗಳಲ್ಲಿ ಎಂ.ಎಸ್. ನಾಗರಾಜರಾವ್ ಅವರು 1960ರ ದಶಕದಲ್ಲಿ ನಡೆಸಿದ ಉತ್ಖನನ ನವಶಿಲಾಯುಗದ ಜನವಸತಿಯನ್ನು ತೋರಿಸಿತು. ಬಳ್ಳಾರಿ ನಗರದ ಅಂಚಿನ ಸಂಗನಕಲ್ಲು ಮತ್ತು ಕಪ್ಪಗಲ್ಲುಗಳಲ್ಲಿ ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದ ನೆಲೆಗಳು, ಬೂದಿದಿಬ್ಬಗಳು, ಬಂಡೆಯ ಮೇಲೆ ಕುಟ್ಟಿ ಮೂಡಿಸಿದ ಎತ್ತುಗಳ ಚಿತ್ರಗಳು ಇವೆ. ಕಪ್ಪಗಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಹೊರಡುತ್ತದೆ. ಈ ಸೀಮೆಯ ಪ್ರಾಗಿತಿಹಾಸವನ್ನು ಮೊದಲು ಅರಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯ ಬಳ್ಳಾರಿಯಲ್ಲಿದೆ.

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉದೇಗೋಳಗಳಲ್ಲಿ 1970ರ ದಶಕದ ಕೊನೆಯಲ್ಲಿ ಅಶೋಕನ ಬಂಡೆಶಾಸನಗಳು ಸಿಕ್ಕವು. ಅಶೋಕನ ಶಾಸನಗಳಲ್ಲಿ ಹೆಚ್ಚಿನವು ಅವನನ್ನು ದೇವಾನಾಂಪ್ರಿಯ ಎಂದಷ್ಟೇ ಕರೆಯುತ್ತವೆ. ಅವನ ಹೆಸರನ್ನು ನೇರವಾಗಿ ಹೇಳುವ ಬೆರಳೆಣಿಕೆಯ ಶಾಸನಗಳಲ್ಲಿ ಈ ಎರಡೂ ಸೇರಿವೆ.

ಮಧ್ಯಯುಗದಲ್ಲಿ ಇದು ಬಲ್ಲಕುಂದೆ ನಾಡು. ಕಲ್ಯಾಣ ಚಾಲುಕ್ಯರ ಸಾಮಂತರಾದ ಸಿಂದರು ಕುರುಗೋಡಿನಿಂದ ಆಳಿದರು. ಮುಂದೆ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಆ ಕೋಟೆಯನ್ನು ಗೆದ್ದನು. ನದಿಯ ಮೇಲಿನ ಕಂಪ್ಲಿ 14ನೆಯ ಶತಮಾನದ ಆರಂಭದಲ್ಲಿ ಕಂಪಿಲರಾಯನ ರಾಜ್ಯದ ಕೇಂದ್ರವಾಗಿತ್ತು. ಅವನ ಮಗ ಕುಮಾರರಾಮನ ಕಥೆ ಈ ಸೀಮೆಯಲ್ಲಿ ಇಂದಿಗೂ ಹಾಡಾಗಿ, ಆಟವಾಗಿ ಬದುಕಿದೆ. 1327ರ ಸುಮಾರಿಗೆ ತುಘಲಕ್ ಸೇನೆಗೆ ಈ ರಾಜ್ಯ ಬಿದ್ದ ಮೇಲೆ ಇದೇ ನದಿಯ ಮೇಲೆ ವಿಜಯನಗರ ಎದ್ದಿತು.

1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆಗೆ ಉಳಿದ ನದೀತೀರ ಮುಖ್ಯವಾಗಿ ಕಂಪ್ಲಿ ಮತ್ತು ಸಿರುಗುಪ್ಪ ತಾಲ್ಲೂಕುಗಳದು.

ಕಾಲುವೆಗಳು

ಒಣಸೀಮೆಯ ಈ ಅಂಚು ಹಸಿರಾಗಿರಲು ಕಾರಣ ವಿಜಯನಗರ ಕಾಲದ ಒಡ್ಡುಗಳು. ನದಿಗೆ ಅಡ್ಡಲಾಗಿ ಬಂಡೆಯಿಂದ ಬಂಡೆಗೆ ಕಲ್ಲು ಜೋಡಿಸಿ, ನೀರಿನ ಮಟ್ಟವನ್ನು ತುಸುವೇ ಎತ್ತರಿಸಿ, ಪಕ್ಕದ ಕಾಲುವೆಗೆ ತಿರುಗಿಸುವುದು ಅಂದಿನ ವಿಧಾನ. ಹೊಳೆಯನ್ನು ಪೂರ್ತಿ ತಡೆಯುವ ಗೋಡೆ ಇದಲ್ಲ. ನೆರೆ ಬಂದಾಗ ನೀರು ಒಡ್ಡಿನ ನೆತ್ತಿಯ ಮೇಲೆ ಹಾದುಹೋಗುತ್ತದೆ, ಮೀನಿಗೂ ದಾರಿ ಸಿಗುತ್ತದೆ. ರಾಮಸಾಗರ, ಕಂಪ್ಲಿ, ಬೆಳಗೋಡುಹಾಳು, ಸಿರುಗುಪ್ಪ, ದೇಶನೂರು ಕಾಲುವೆಗಳು ಈ ಸಾಲಿನವು. ಅವುಗಳಲ್ಲಿ ಇಂದಿಗೂ ನೀರು ಹರಿಯುತ್ತದೆ.

1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆ ಚಿತ್ರವನ್ನು ಇನ್ನಷ್ಟು ಬದಲಿಸಿತು. ಬಲದಂಡೆಯ ಮೇಲ್ಮಟ್ಟದ ಮತ್ತು ಕೆಳಮಟ್ಟದ ಕಾಲುವೆಗಳಿಂದ ಜೋಳ, ಹತ್ತಿ, ಸಜ್ಜೆ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿ.ಎಂ.ಸಿ. ಅಡಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ನಾಟಿ ಮಾಡಿದ ರೈತರೆಲ್ಲ ಎದೆ ಹಿಡಿದುಕೊಂಡು ಕಾದರು. ಒಂದು ವಾರದಲ್ಲಿ, ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಿ ನೀರು ನಿಲ್ಲಿಸಲಾಯಿತು. ದಂಡೆಯ ಬದುಕು ಒಂದೇ ನೀರಿಗೆ ಎಷ್ಟು ಕಟ್ಟುಬಿದ್ದಿದೆ ಎಂಬುದು ಆ ವಾರ ಎಲ್ಲರಿಗೂ ಕಂಡಿತು.

ಜೀವಜಾಲ ಮತ್ತು ರಕ್ಷಿತ ಪ್ರದೇಶಗಳು

ನೀರುನಾಯಿ ಸಂರಕ್ಷಣಾ ಮೀಸಲು: ಅಣೆಕಟ್ಟೆಯ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಪಾತ್ರವನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿಗಳಿಗಾಗಿ ಮೀಸಲಿಟ್ಟಿತು. ಇಲ್ಲಿರುವುದು ನುಣುಪು ತುಪ್ಪಳದ ನೀರುನಾಯಿ. ಇವು ಕುಟುಂಬವಾಗಿ ಬದುಕುತ್ತವೆ, ಗುಂಪಾಗಿ ಬೇಟೆಯಾಡುತ್ತವೆ. ನಸುಕಿನಲ್ಲಿ ಸಾಲಾಗಿ ಈಜುತ್ತ ಮೀನುಗಳನ್ನು ಬಂಡೆಯ ಮೂಲೆಗೆ ಅಟ್ಟಿ, ಒಂದೊಂದೇ ಮುಳುಗಿ ಎದ್ದು, ಮುಂಗಾಲುಗಳಲ್ಲಿ ಮೀನು ಹಿಡಿದು ತಲೆಯಿಂದ ತಿನ್ನಲು ತೊಡಗುತ್ತವೆ. ಹೊಟ್ಟೆ ತುಂಬಿದ ಮೇಲೆ ಮರಳಿನಲ್ಲಿ ಹೊರಳಿ ತುಪ್ಪಳ ಒಣಗಿಸಿಕೊಳ್ಳುತ್ತವೆ. ಮರಿಗಳನ್ನು ಸಾಕುವುದು ದಂಡೆಯ ಬಂಡೆಸಂದುಗಳಲ್ಲಿ. ಮೊಸಳೆ, ಮೆದುಚಿಪ್ಪಿನ ಆಮೆಗಳಿಗೂ ಈ ಪಾತ್ರ ಆಸರೆ.

ದರೋಜಿ ಕರಡಿಧಾಮ: ಕಂಪ್ಲಿಯ ನೈಋತ್ಯಕ್ಕೆ, ಬಂಡೆಗುಡ್ಡಗಳ ನಡುವೆ ಇರುವ ಈ ಧಾಮವನ್ನು 1994ರಲ್ಲಿ ಘೋಷಿಸಲಾಯಿತು. 2009ರಲ್ಲಿ ಬುಕ್ಕಸಾಗರ ಅರಣ್ಯವನ್ನು ಸೇರಿಸಿದ ಮೇಲೆ ಅದರ ವಿಸ್ತೀರ್ಣ 82 ಚ.ಕಿ.ಮೀ. ದಾಟಿತು. ಗೆದ್ದಲು, ಜೇನು, ಬಾರಿಹಣ್ಣು, ಕವಳಿಹಣ್ಣು, ಸೀತಾಫಲ ಇಲ್ಲಿನ ಕರಡಿಗಳ ಆಹಾರ. ಬಿಸಿಲು ಇಳಿಯುವ ಹೊತ್ತಿಗೆ ತಾಯಿ ಕರಡಿ ಮರಿಯನ್ನು ಬೆನ್ನ ಮೇಲೆ ಹೊತ್ತು ಬಂಡೆಯಿಳಿದು ಬರುವುದನ್ನು ವೀಕ್ಷಣಾ ಗೋಪುರದಿಂದ ನೋಡಬಹುದು. ಹಳದಿ ಕೊರಳಿನ ಪಿಕಳಾರದಂಥ ಅಪರೂಪದ ಹಕ್ಕಿಗಳೂ ಈ ಕುರುಚಲಿನಲ್ಲಿವೆ.

ಸಿರುಗುಪ್ಪದ ಎರೆಬಯಲು: ಹೆಬ್ಬಕ ಹಕ್ಕಿ ಕರ್ನಾಟಕದಲ್ಲಿ ಇನ್ನೂ ಉಳಿದಿರುವ ನೆಲೆಯೆಂದರೆ ಸಿರುಗುಪ್ಪ ತಾಲ್ಲೂಕಿನ ಎರೆಹೊಲಗಳು ಮತ್ತು ಹುಲ್ಲುಬಯಲು. ದೊರವಾಯನ ಹಕ್ಕಿ, ಎರ್ಲಡ್ಡು ಎಂಬ ಹೆಸರುಗಳೂ ಇದಕ್ಕಿವೆ. ಗಂಡುಹಕ್ಕಿ 15 ಕಿಲೋವರೆಗೆ ತೂಗುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿನದು. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. 2011ರಿಂದ ಇದು ವಿಶ್ವಮಟ್ಟದಲ್ಲಿ ತೀವ್ರ ಅಪಾಯಕ್ಕೆ ಸಿಲುಕಿದ ಜೀವಿಗಳ ಪಟ್ಟಿಯಲ್ಲಿದೆ. ಜೋಳ, ಕಡಲೆ ಬೆಳೆಯುವ ಮಳೆಯಾಶ್ರಿತ ಹೊಲ ಇದಕ್ಕೆ ಒಗ್ಗುತ್ತದೆ, ನೀರು ನಿಂತ ಗದ್ದೆ ಒಗ್ಗುವುದಿಲ್ಲ. ಹಾಗಾಗಿ ಈ ಹಕ್ಕಿಯ ಅಳಿವು ಉಳಿವು ರೈತ ಯಾವ ಬೆಳೆ ಇಡುತ್ತಾನೆ ಎಂಬುದರ ಮೇಲೆ ನಿಂತಿದೆ.

ಊರುಗಳು

ಬಳ್ಳಾರಿ: ಜಿಲ್ಲಾಕೇಂದ್ರ. ಊರಿನ ನಡುವೆ ಎದ್ದ ಏಕಶಿಲೆಯಂಥ ಬಳ್ಳಾರಿ ಗುಡ್ಡದ ಮೇಲೆ ಹಂಡೆ ಹನುಮಪ್ಪ ನಾಯಕನ ಮೇಲುಕೋಟೆ, ಬುಡದಲ್ಲಿ ಹೈದರಾಲಿಯ ಕಾಲದ ಕೆಳಕೋಟೆ. ಕೆಳಕೋಟೆಯನ್ನು ರೂಪಿಸಿದ ಫ್ರೆಂಚ್ ಎಂಜಿನಿಯರನು ಪಕ್ಕದ ಕುಂಬಾರಗುಡ್ಡ ಕೋಟೆಗಿಂತ ಎತ್ತರವಿದೆ ಎಂಬುದನ್ನು ಗಮನಿಸದೆ ಹೋದ, ಅದಕ್ಕಾಗಿ ಹೈದರನು ಅವನನ್ನು ಗಲ್ಲಿಗೇರಿಸಿದ ಎಂಬ ಐತಿಹ್ಯವಿದೆ. ನಟ ಬಳ್ಳಾರಿ ರಾಘವ (1880–1946) ಕನ್ನಡ, ತೆಲುಗು ರಂಗಭೂಮಿಗಳೆರಡಕ್ಕೂ ಈ ಊರಿನ ಹೆಸರನ್ನು ಅಂಟಿಸಿದರು. ಕನಕದುರ್ಗಮ್ಮನ ಗುಡಿ, ಜೀನ್ಸ್ ಹೊಲಿಯುವ ಮನೆಗಳು, ಸಂಜೆಯ ಒಗ್ಗರಣೆ ಮಂಡಕ್ಕಿ ಮಿರ್ಚಿಯ ಅಂಗಡಿಗಳು ಇಂದಿನ ನಗರದ ಗುರುತುಗಳು.

ಕುರುಗೋಡು: ಬಳ್ಳಾರಿಯಿಂದ ಕಂಪ್ಲಿಯ ದಾರಿಯಲ್ಲಿ, ಸುಮಾರು 30 ಕಿ.ಮೀ. ದೂರದಲ್ಲಿದೆ. ಗುಡ್ಡಗಳಿಗೆ ಒರಗಿದ ಈ ತಾಲ್ಲೂಕು ಕೇಂದ್ರದಲ್ಲಿ ಸಿಂದರ ಕಾಲದ ಹಲವು ಶಿವಾಲಯಗಳಿವೆ. ದೊಡ್ಡಬಸವೇಶ್ವರ ಗುಡಿಯ ಏಕಶಿಲಾ ನಂದಿ ಗರ್ಭಗುಡಿಯನ್ನೇ ತುಂಬಿ ಕುಳಿತಿದೆ. ಅದರ ರಥೋತ್ಸವಕ್ಕೆ ಸುತ್ತಲಿನ ತಾಲ್ಲೂಕುಗಳ ಜನ ಸೇರುತ್ತಾರೆ.

ಕಂಪ್ಲಿ: ನದಿಯ ಮೇಲೇ ಇರುವ ಊರು. ಕೋಟೆಯ ಭಾಗ ಹೊಳೆಗೆ ಅಂಟಿಕೊಂಡಿದೆ. ಗಂಗಾವತಿಗೆ ದಾಟಿಸುವ ಸೇತುವೆ, ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ಮುಳುಗುತ್ತದೆ.

ಸಿರುಗುಪ್ಪ: ಬಳ್ಳಾರಿಯಿಂದ ಉತ್ತರಕ್ಕೆ ಸುಮಾರು 55 ಕಿ.ಮೀ. ಅಕ್ಕಿಯ ಊರು. ಕೊಯ್ಲಿನ ಕಾಲದಲ್ಲಿ ಗಿರಣಿಗಳ ಸದ್ದು, ಭತ್ತ ಹೇರಿದ ಲಾರಿ ಮತ್ತು ಟ್ರ್ಯಾಕ್ಟರುಗಳ ಸಾಲು ಊರನ್ನು ಆವರಿಸುತ್ತವೆ. ಸಮೀಪದ ಕೆಂಚನಗುಡ್ಡದಲ್ಲಿ ಹೊಳೆಯ ಪಕ್ಕದಲ್ಲೇ ರಾಘವೇಂದ್ರಸ್ವಾಮಿ ಮಠದ ಪರಂಪರೆಯ ವಸುಧೇಂದ್ರತೀರ್ಥರ ಬೃಂದಾವನವಿದೆ. ಮಂತ್ರಾಲಯ ಇದೇ ನದಿಯ ಇನ್ನೂ ಕೆಳಗಿನ ದಂಡೆಯಲ್ಲಿದೆ.

ದಂಡೆಯ ಜನಜೀವನ

ಬಿದಿರಿನ ಹೆಣಿಗೆಯ ದುಂಡು ಹರಿಗೋಲು ಈ ಹೊಳೆಯ ಹಳೆಯ ವಾಹನ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಹೊರಗೆ ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿಗಳಲ್ಲಿ ಜನ ನದಿ ದಾಟುತ್ತಿದ್ದುದನ್ನು ಬರೆದಿದ್ದಾನೆ. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ, ಹೆಣಿಗೆ ಬದಲಾಗಿಲ್ಲ. ಮೀನುಗಾರರು ಬಲೆ ಬೀಸುವುದು ಇದರಲ್ಲೇ. ಬುರ್ರಕಥೆಯ ಮಹಾಕಲಾವಿದೆ ದರೋಜಿ ಈರಮ್ಮ ಈ ಸೀಮೆಯವರು. ಓದುಬರಹ ಬಾರದ ಅವರು ದೀರ್ಘ ಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು, ಕುಮಾರರಾಮನ ಕಥೆಯೂ ಅವುಗಳಲ್ಲಿ ಒಂದು.

ಸ್ಪೇನಿನ ಒಂದು ಹೋಲಿಕೆ

ತೀರ, ಅಭಯಾರಣ್ಯ, ಅಕ್ಕಿ ಮತ್ತು ಹಳೆಯ ಊರುಗಳು ಒಂದೇ ನೀರನ್ನು ಹಂಚಿಕೊಳ್ಳುವ ಇನ್ನೊಂದು ಪ್ರಸಿದ್ಧ ನೆಲೆ ಸ್ಪೇನಿನ ದಕ್ಷಿಣದ ಕೋಸ್ತಾ ದೆ ಲಾ ಲೂಸ್ ಕಡಲತೀರ. ಗ್ವಾದಲ್ಕಿವಿರ್ ನದಿ ಅಲ್ಲಿ ಅಟ್ಲಾಂಟಿಕ್ ಸೇರುವ ಕಡೆ 1969ರಲ್ಲಿ ದೊನ್ಯಾನಾ ರಾಷ್ಟ್ರೀಯ ಉದ್ಯಾನ ಹುಟ್ಟಿತು. ಅದರ ಎದುರಿನ ಜವುಗಿನಲ್ಲಿ ವಿಶಾಲ ಭತ್ತದ ಗದ್ದೆಗಳಿವೆ. 1998ರಲ್ಲಿ ಹತ್ತಿರದ ಗಣಿಯ ಕೆಸರುಕಟ್ಟೆ ಒಡೆದು ವಿಷನೀರು ಉದ್ಯಾನದ ಅಂಚಿನವರೆಗೆ ಹರಿಯಿತು. ಸ್ಟ್ರಾಬೆರಿ ತೋಟಗಳಿಗೆ ಅಂತರ್ಜಲ ಎತ್ತಿ ಜವುಗು ಒಣಗುತ್ತಿರುವುದು ಇಂದಿನ ಚಿಂತೆ. ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ, 2002ರ ಸುಮಾರಿಗೆ ನೂರಕ್ಕಿಂತ ಕೆಳಗಿಳಿದಿದ್ದ ಐಬೀರಿಯದ ಲಿಂಕ್ಸ್ ಬೆಕ್ಕುಗಳು, ಸರ್ಕಾರ, ಜಮೀನುದಾರರು, ಬೇಟೆಗಾರರು ಸೇರಿ ದುಡಿದ ಫಲವಾಗಿ 2023ರ ಹೊತ್ತಿಗೆ ಎರಡು ಸಾವಿರ ದಾಟಿದವು. ಬಳ್ಳಾರಿಗೂ ಗಣಿಯ ಪೆಟ್ಟು ಹೊಸದಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಬೇಕಾಯಿತು. ಕೆಟ್ಟದ್ದನ್ನು ಸರಿಪಡಿಸಬಹುದು ಎಂಬುದಕ್ಕೆ ಲಿಂಕ್ಸ್ ಸಾಕ್ಷಿ, ಕೆಡದಂತೆ ಕಾಯುವುದು ಎಷ್ಟು ಅಗ್ಗ ಎಂಬುದಕ್ಕೆ ದೊನ್ಯಾನಾ ಸಾಕ್ಷಿ.

ಎದುರಿಸುತ್ತಿರುವ ಅಪಾಯಗಳು

ಮರಳು ತೆಗೆಯುವುದು ಮೊದಲ ಅಪಾಯ. ಮರಳದಿಣ್ಣೆ ಹೋದರೆ ಆಮೆ ಮೊಟ್ಟೆಯಿಡುವ ಜಾಗ ಹೋಗುತ್ತದೆ, ದಂಡೆಯ ಬಾವಿಗಳ ನೀರೂ ಇಳಿಯುತ್ತದೆ. ಸಿಡಿಮದ್ದು ಹಾಕಿ ಮೀನು ಹಿಡಿದರೆ ದೊಡ್ಡದು, ಮರಿ ಎಲ್ಲ ಒಟ್ಟಿಗೆ ಸಾಯುತ್ತವೆ, ನೀರುನಾಯಿಗೆ ಉಪವಾಸ. ಬಂಡೆ ಒಡೆದರೆ ನೀರುನಾಯಿಯ ಬಿಲವೂ ಕರಡಿಯ ಗವಿಯೂ ನಾಶವಾಗುತ್ತವೆ. ಊರುಗಳ ಕೊಳಚೆ, ಗದ್ದೆಯ ಗೊಬ್ಬರ ಸೇರಿ ನೀರಿನಲ್ಲಿ ಪಾಚಿ ಹೆಚ್ಚುತ್ತದೆ. ಎರೆಬಯಲಿನಲ್ಲಿ ಹಾದುಹೋಗುವ ವಿದ್ಯುತ್ ತಂತಿಗಳು ಹೆಬ್ಬಕಕ್ಕೆ ಮಾರಕ. ಭಾರದ ಮೈ, ಮುಂದಕ್ಕೆ ನೇರ ನೋಡದ ಕಣ್ಣಿನ ಈ ಹಕ್ಕಿ ತಂತಿ ಕಾಣುವಷ್ಟರಲ್ಲಿ ತಿರುಗಲಾರದು.

ಪ್ರವಾಸ

ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ಬಳ್ಳಾರಿಗೆ ರೈಲು ಇದೆ. ಬಳ್ಳಾರಿ, ಕುರುಗೋಡು, ಕಂಪ್ಲಿಗಳು ಒಂದೇ ರಸ್ತೆಯಲ್ಲಿ ಸಿಗುತ್ತವೆ. ಸಿರುಗುಪ್ಪಕ್ಕೆ ರಾಷ್ಟ್ರೀಯ ಹೆದ್ದಾರಿ 150ಎ ಹೋಗುತ್ತದೆ. ಬೆಳಿಗ್ಗೆ ಕಂಪ್ಲಿಯ ಹೊಳೆ, ಮಧ್ಯಾಹ್ನದ ಮೇಲೆ ದರೋಜಿ ನೋಡುವುದು ಅನುಕೂಲ. ಜುಲೈನಿಂದ ಸೆಪ್ಟೆಂಬರಿನವರೆಗೆ ಅಣೆಕಟ್ಟೆಯಿಂದ ಯಾವಾಗ ಬೇಕಾದರೂ ನೀರು ಬಿಡುವುದರಿಂದ ಪಾತ್ರಕ್ಕೆ ಇಳಿಯಬಾರದು. ಮೊಸಳೆಗಳಿರುವ ಮಡುಗಳಲ್ಲಿ ಈಜಬಾರದು. ಹೆಬ್ಬಕವನ್ನು ಅರಸಿ ಹೊಲಗಳಿಗೆ ವಾಹನ ನುಗ್ಗಿಸುವುದು, ಗೂಡಿನ ಹತ್ತಿರ ಹೋಗುವುದು, ಕಂಡ ಜಾಗವನ್ನು ಜಾಲತಾಣದಲ್ಲಿ ಹಂಚುವುದು ಆ ಹಕ್ಕಿಗೆ ಬೇಟೆಯಷ್ಟೇ ಕೇಡು.

ಮೀಸಲು ಪ್ರದೇಶ ಕಂಪ್ಲಿಯಲ್ಲಿ ಮುಗಿಯುತ್ತದೆ, ನದಿ ಮುಗಿಯುವುದಿಲ್ಲ. ನೀರುನಾಯಿ, ಭತ್ತ, ಹರಿಗೋಲು, ಊರಿನ ಕುಡಿಯುವ ನೀರು ನಾಲ್ಕೂ ಒಂದೇ ಪ್ರವಾಹವನ್ನು ನಂಬಿರುವುದರಿಂದ, ಕಂಪ್ಲಿಯಿಂದ ಸಿರುಗುಪ್ಪದವರೆಗಿನ ದಂಡೆಯನ್ನು ಇಡಿಯಾಗಿ ಕಾಪಾಡುವ ಕ್ರಮ ಈ ಸೀಮೆಯ ರೈತರಿಗೂ ಕಾಡುಜೀವಿಗಳಿಗೂ ಸಮನಾಗಿ ಬೇಕಾಗಿದೆ.