ಜೆರಾಕ್ಸ್ ಅಂಗಡಿ ಕಲಿಸಿದ ಪಾಠ

ಲಾಕ್‌ಡೌನ್‌ನಲ್ಲಿ ಆನ್‌ಲೈನ್ ಪಾಠ ಮಾಡುವಾಗ, ಪುಸ್ತಕದ ಒಂದು ಅಧ್ಯಾಯ ಸ್ಕ್ಯಾನ್ ಮಾಡಿ ವಿದ್ಯಾರ್ಥಿಗಳಿಗೆ ಕಳಿಸೋಕೆ ನನಗೆ ಭಯ. ಇದು ಕಳ್ಳತನ ಅಲ್ವಾ? ಉತ್ತರ ಸಿಕ್ಕಿದ್ದು ದೆಹಲಿಯ ಒಂದು ಜೆರಾಕ್ಸ್ ಅಂಗಡಿಯ ಕಥೆಯಲ್ಲಿ.

ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೋಕಾಪಿ ಸರ್ವಿಸ್, ಸಿಲಬಸ್‌ನಲ್ಲಿದ್ದ ಬೇರೆ ಬೇರೆ ಪುಸ್ತಕಗಳ ಪುಟಗಳನ್ನು ಸೇರಿಸಿ ಬೈಂಡ್ ಮಾಡಿ ಮಾರುತ್ತಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ಅಂಗಡಿ ಮತ್ತು ವಿವಿ ಎರಡರ ಮೇಲೂ ಕೇಸು ಹಾಕಿದವು.

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಬೋಧನೆಯ ಭಾಗವಾಗಿ ಶಿಕ್ಷಕರೋ ವಿದ್ಯಾರ್ಥಿಗಳೋ ಮಾಡಿಕೊಳ್ಳುವ ಪ್ರತಿಗೆ ವಿನಾಯಿತಿ ಕೊಡುತ್ತದೆ. ಬೋಧನೆ ಅಂದ್ರೆ ತರಗತಿಯ ಉಪನ್ಯಾಸ ಮಾತ್ರವಲ್ಲ ಎಂದು 2016ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಎಷ್ಟು ಪುಟ ಅನ್ನೋದಲ್ಲ, ಪಾಠಕ್ಕೆ ಬೇಕಿತ್ತಾ ಅನ್ನೋದೇ ಪ್ರಶ್ನೆ ಎಂದಿತು ವಿಭಾಗೀಯ ಪೀಠ. 2017ರಲ್ಲಿ ಪ್ರಕಾಶಕರು ಕೇಸು ಹಿಂಪಡೆದರು.

ಅದು ಕಾಗದದ ಪ್ರತಿಗಳ ಕೇಸು, ನಿಜ. ಆದರೆ ಅದೇ ಪ್ರಶ್ನೆ ನನ್ನ ಅಳತೆಗೋಲಾಯ್ತು. ಪಾಠಕ್ಕೆ ಬೇಕಾದ ಅಧ್ಯಾಯ, ನನ್ನ ತರಗತಿಯವರಿಗೆ ಮಾತ್ರ. ಇಡೀ ಪುಸ್ತಕವನ್ನು ಊರಿಗೆಲ್ಲ ಹಂಚಿದರೆ ಅದನ್ನು ಪಾಠ ಅನ್ನೋಕಾಗಲ್ಲ.