ಎಕ್ಸ್‌ಪಿಯ ಕಾಲವೂ ನಮ್ಮ ಕನ್ನಡ ಕಡತಗಳೂ

ಹೊರನಾಡಿನ ಕನ್ನಡ ಸಂಘಗಳ ಕಚೇರಿಗಳಲ್ಲಿ ಒಂದು ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಹಳೆಯ ಗಣಕಯಂತ್ರ ಕಾಣಸಿಗುವುದುಂಟು. ನಮ್ಮಲ್ಲಿ ಹಲವರ ಮನೆಗಳಲ್ಲೂ ಅಂಥದೊಂದು ಇದೆ. ಮಕ್ಕಳು ಅದನ್ನು ಗುಜರಿಗೆ ಹಾಕೋಣವೆನ್ನುತ್ತಾರೆ, ಹಿರಿಯರು ಬೇಡವೆನ್ನುತ್ತಾರೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಯಂತ್ರಕ್ಕೆ ಈಗ ಬೆಲೆಯಿಲ್ಲ, ನಿಜ. ಆದರೆ ಅದರ ಹೊಟ್ಟೆಯಲ್ಲಿ ರಾಜ್ಯೋತ್ಸವದ ಸ್ಮರಣ ಸಂಚಿಕೆಗಳಿವೆ, ಸದಸ್ಯರ ಪಟ್ಟಿಗಳಿವೆ, ಇಂದು ನಮ್ಮೊಡನಿಲ್ಲದ ಹಿರಿಯರು ಕಷ್ಟಪಟ್ಟು ಬೆರಳಚ್ಚಿಸಿದ ನೆನಪುಗಳಿವೆ. ಎಷ್ಟೋ ಸಲ ಇವುಗಳ ಪ್ರತಿ ಬೇರೆಲ್ಲೂ ಇರುವುದಿಲ್ಲ. ಇಂಥ ಹಲವು ಯಂತ್ರಗಳು ನಡೆಯುವುದು ವಿಂಡೋಸ್ ಎಕ್ಸ್‌ಪಿಯ ಮೇಲೆ. ಅದರ ಚರಿತ್ರೆಯನ್ನು ತಿಳಿದುಕೊಂಡರೆ ಅದನ್ನು ಹೇಗೆ ಬಾಳಿಸಬೇಕು, ಯಾವಾಗ ಬೀಳ್ಕೊಡಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

ಆಪರೇಟಿಂಗ್ ಸಿಸ್ಟಂ ಎಂಬುದು ಕಚೇರಿಯ ಹೆಡ್ ಕ್ಲಾರ್ಕ್ ಇದ್ದಂತೆ. ಯಾರಿಗೆ ಯಾವ ಮೇಜು, ಯಾವ ಕಡತ ಯಾವ ಬೀರುವಿನಲ್ಲಿ, ಮುದ್ರಣಯಂತ್ರದ ಮುಂದೆ ಸರದಿ ಯಾರದು ಎಂಬುದನ್ನೆಲ್ಲ ನಿರ್ಣಯಿಸುವುದು ಅದೇ. 1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95, 1998ರ ಜೂನ್ 25ರಂದು ಬಂದ ವಿಂಡೋಸ್ 98 ಇವೆರಡೂ ಹಳೆಯ ಡಾಸ್‌ನ ತಳಹದಿಯ ಮೇಲೆ ಕಟ್ಟಿದ ಮನೆಗಳು. ಒಂದು ಪ್ರೋಗ್ರಾಂ ಮೊಂಡು ಹಿಡಿದರೆ ಸಾಕು, ಇಡೀ ಯಂತ್ರವೇ ಸ್ತಬ್ಧವಾಗುತ್ತಿತ್ತು. ದೊಡ್ಡ ಕಚೇರಿಗಳಿಗಾಗಿ ಮೈಕ್ರೋಸಾಫ್ಟ್ ಕಂಪನಿ ಬೇರೆಯಾಗಿ ಬೆಳೆಸಿದ್ದ ಎನ್‌ಟಿ ಎಂಬ ಗಟ್ಟಿಯಾದ ತಳಹದಿಯನ್ನು ಮನೆಮಂದಿಗೂ ಒದಗಿಸಿದ್ದೇ ಎಕ್ಸ್‌ಪಿಯ ಹೆಚ್ಚುಗಾರಿಕೆ. 2001ರ ಅಕ್ಟೋಬರ್ 25ರಂದು ಅದು ಮಾರುಕಟ್ಟೆಗೆ ಬಂತು. 64 ಮೆಗಾಬೈಟ್ ಸ್ಮರಣಶಕ್ತಿಯಿದ್ದರೂ ಹೇಗೋ ನಡೆಯುತ್ತಿತ್ತು. 128 ಇದ್ದರೆ ಲೇಸೆಂದು ಕಂಪನಿಯೇ ಹೇಳಿತ್ತು. ಇಂದಿನ ಅಗ್ಗದ ಮೊಬೈಲ್ ಫೋನಿನಲ್ಲೂ ಅದರ ಎಷ್ಟೋ ಪಟ್ಟು ಸ್ಮರಣಶಕ್ತಿಯಿದೆ.

ಕನ್ನಡಿಗರಾದ ನಮಗೆ ಎಕ್ಸ್‌ಪಿಯ ಮಹತ್ವ ಇನ್ನೊಂದಿದೆ. ಅದಕ್ಕೂ ಮೊದಲು ವಿಂಡೋಸ್‌ಗೆ ಕನ್ನಡವೆಂಬ ಲಿಪಿಯ ಪರಿಚಯವೇ ಇರಲಿಲ್ಲ. ಭಾರತೀಯ ಲಿಪಿಗಳಿಗೆ ಸಮಾನ ಸಂಕೇತವಿರಬೇಕೆಂಬ ಪ್ರಯತ್ನ ಮೊದಲೇ ನಡೆದಿತ್ತು. 1988ರಲ್ಲಿ ನಮ್ಮ ಈ ಪುಣೆಯಲ್ಲೇ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆ ಆ ಕೆಲಸದಲ್ಲಿ ಮುಂದಿತ್ತು. 1991ರಲ್ಲಿ ಇಸ್ಕಿ ಎಂಬ ಸಂಕೇತಕ್ಕೆ ಭಾರತೀಯ ಮಾನಕದ ಮನ್ನಣೆಯೂ ದೊರೆಯಿತು. ಅದೇ ವರ್ಷ ಹೊರಬಂದ ಯೂನಿಕೋಡ್‌ನಲ್ಲಿ ಕನ್ನಡಕ್ಕೂ ಸ್ಥಾನ ಸಿಕ್ಕಿತು. ಆದರೆ ಅಚ್ಚಿನ ಕೆಲಸ ಮಾಡುವವರು ಅಲ್ಲಿಯವರೆಗೆ ಕಾಯಲಾದೀತೆ? ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿ ಫಾಂಟುಗಳನ್ನು ಮಾಡಿಕೊಂಡರು. 1998ರಲ್ಲಿ ಶೇಷಾದ್ರಿವಾಸು ಅವರು ಬರಹ ತಂತ್ರಾಂಶವನ್ನು ಹೊರತಂದರು. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತು ನುಡಿ ತಂತ್ರಾಂಶವನ್ನು ಸಿದ್ಧಪಡಿಸಿತು. ಹೊರನಾಡಿನಲ್ಲಿ ಕನ್ನಡದ ಅಚ್ಚುಕೂಟ ಸುಲಭವಾಗಿ ಸಿಗದ ನಮಗೆ ಇವು ಮಾಡಿದ ಉಪಕಾರ ಸಣ್ಣದಲ್ಲ.

ಆದರೆ ಹಳೆಯ ಫಾಂಟುಗಳಲ್ಲಿ ಅಡಗಿದ್ದ ತೊಡಕನ್ನು ಗಮನಿಸಬೇಕು. ಆ ರೀತಿಯ ಕಡತದಲ್ಲಿ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ; ಕನ್ನಡದ ವೇಷ ತೊಡಿಸುವುದು ಫಾಂಟು. ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚಿ ಅರ್ಥವಿಲ್ಲದ ಗೀಚು ಕಾಣುತ್ತದೆ. ಎಕ್ಸ್‌ಪಿಯಲ್ಲಾದರೋ ತುಂಗಾ ಎಂಬ ಫಾಂಟಿನೊಡನೆ ಯೂನಿಕೋಡ್ ಕನ್ನಡ ಮೊದಲ ಸಲ ವಿಂಡೋಸ್‌ನೊಳಗೇ ಬಂತು. ಹೊಳೆಯ ಹೆಸರೊಂದು ಆ ಪಟ್ಟಿಯಲ್ಲಿ ಕಂಡಾಗ ಊರು ಬಿಟ್ಟು ಬಂದ ನಮಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪ್ರಾದೇಶಿಕ ಭಾಷೆಗಳ ವಿಭಾಗದಲ್ಲಿ ಸಂಕೀರ್ಣ ಲಿಪಿಗಳ ಎದುರು ಗುರುತು ಹಾಕಿ, ಕೇಳಿದಾಗ ಮೂಲ ಸಿಡಿಯನ್ನು ಒದಗಿಸಬೇಕಿತ್ತು. ಇದು ತಿಳಿಯದೆ ಅನೇಕರು ಹಳೆಯ ಪದ್ಧತಿಯಲ್ಲೇ ಮುಂದುವರಿದರು. ಹೀಗಾಗಿ ಒಂದೇ ಯಂತ್ರದಲ್ಲಿ ಎರಡು ಬಗೆಯ ಕನ್ನಡ ಉಳಿದುಕೊಂಡಿತು.

ಇನ್ನು ಎಕ್ಸ್‌ಪಿಯ ಇಳಿವಯಸ್ಸಿನ ಕಥೆ. 2004ರ ಎರಡನೆಯ ಸರ್ವಿಸ್ ಪ್ಯಾಕ್ ಅದರ ಭದ್ರತೆಯನ್ನು ಬಿಗಿಗೊಳಿಸಿತು. 2008ರಲ್ಲಿ ಮೂರನೆಯದು ಬಂತು, ಅದೇ ಕೊನೆ. 2007ರಲ್ಲಿ ಬಂದ ವಿಸ್ತಾ ಜನರಿಗೆ ಹಿಡಿಸಲಿಲ್ಲವಾಗಿ ಎಕ್ಸ್‌ಪಿಯ ಆಯುಷ್ಯ ಬೆಳೆಯಿತು. ಕಡೆಗೆ 2014ರ ಏಪ್ರಿಲ್ 8ರಂದು ಕಂಪನಿ ತನ್ನ ನೆರವನ್ನು ನಿಲ್ಲಿಸಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಂದು ಅದಕ್ಕೆ ನಿವೃತ್ತಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಹಲವು ದೇಶಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳತೊಡಗಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲೂ ಕೆಲಸ ಕೆಟ್ಟಿತು. ಪೆಟ್ಟು ಹೆಚ್ಚಾಗಿ ಬಿದ್ದದ್ದು ವಿಂಡೋಸ್ 7ರ ಯಂತ್ರಗಳಿಗೆ, ಮಾರ್ಚ್ ತಿಂಗಳಲ್ಲೇ ಬಂದಿದ್ದ ತೇಪೆಯನ್ನು ಹಾಕಿಕೊಳ್ಳದೆ ಇದ್ದವಕ್ಕೆ. ಆಗ ಕಂಪನಿ ಎಕ್ಸ್‌ಪಿಗೂ ಒಂದು ತೇಪೆಯನ್ನು ಕೊಟ್ಟಿತು. 2019ರ ಮೇ ತಿಂಗಳಲ್ಲಿ ಇನ್ನೊಂದು ಲೋಪಕ್ಕಾಗಿ ಮತ್ತೊಮ್ಮೆ. ನಿವೃತ್ತರನ್ನು ತುರ್ತಿಗೆ ಕರೆಸಿಕೊಂಡಂತೆ. ಅದನ್ನು ನೆಚ್ಚಿ ಕೂರುವಂತಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವೇನು?

ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಮೊದಲ ಪಾಠ, ಎಕ್ಸ್‌ಪಿ ಯಂತ್ರಕ್ಕೆ ಇಂಟರ್ನೆಟ್ಟಿನ ಸಂಪರ್ಕ ಬೇಡ. ತಂತಿಯನ್ನು ಕಿತ್ತಿಡಿ. ಬ್ಯಾಂಕಿನ ವ್ಯವಹಾರವನ್ನಂತೂ ಅದರಲ್ಲಿ ಮಾಡಲೇಬೇಡಿ. ಪೆನ್‌ಡ್ರೈವನ್ನು ಹೊಸ ಯಂತ್ರದಲ್ಲಿ ವೈರಸ್ ಪರೀಕ್ಷೆಗೆ ಒಳಪಡಿಸಿದ ಮೇಲೆಯೇ ಹಾಕಿ. ಹಾಕುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ ಅದರಲ್ಲಿರುವುದು ತಾನಾಗಿ ಓಡುವುದು ತಪ್ಪುತ್ತದೆ.

ಎರಡನೆಯದು ಶರೀರದ ಆರೋಗ್ಯ. ಪ್ಲಗ್ಗನ್ನು ತೆಗೆದು, ಪೆಟ್ಟಿಗೆಯನ್ನು ಬಿಚ್ಚಿ, ಫ್ಯಾನಿನ ಧೂಳನ್ನು ಮೆತ್ತನೆಯ ಕುಂಚದಿಂದ ಮೂರು ತಿಂಗಳಿಗೊಮ್ಮೆ ತೆಗೆಯಿರಿ. ಯಂತ್ರ ಬೀಪ್ ಎಂದು ಕೂಗಿ ಏಳದೆ ಹೋದರೆ ಎಷ್ಟೋ ವೇಳೆ ಕಾರಣ ರ‍್ಯಾಮ್ ಪಟ್ಟಿಯ ತುದಿಯ ಕಿಲುಬು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲನೆ ಉಜ್ಜಿದರೆ ಗುಣವಾಗುವುದುಂಟು. ಪ್ರತಿಸಲ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಒಳಗಿನ 3 ವೋಲ್ಟಿನ ಬಿಲ್ಲೆ ಬ್ಯಾಟರಿ ತೀರಿದೆಯೆಂದು ತಿಳಿಯಿರಿ. ಸಿಆರ್ 2032 ಎಂದು ಕೇಳಿದರೆ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ದಿನಾಂಕ ತಪ್ಪಿದ ಕಡತದಿಂದ ಎಂಥ ಗೊಂದಲವಾಗುತ್ತದೆಂಬುದನ್ನು ಸರ್ಕಾರಿ ನೌಕರರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರನೆಯದು ಡಿಸ್ಕಿನ ಮಾತು. ಡಿಸ್ಕನ್ನು ತುಂಬಿಸಿಬಿಡಬೇಡಿ, ಚದುರಿದ ತುಣುಕುಗಳನ್ನು ಒಂದೆಡೆ ಸೇರಿಸುವ ಡಿಫ್ರಾಗ್ಮೆಂಟರ್ ಸರಿಯಾಗಿ ಕೆಲಸ ಮಾಡಲು ಶೇಕಡಾ 15ರಷ್ಟಾದರೂ ಜಾಗ ಬರಿದಾಗಿರಬೇಕು. ಸಿಸ್ಟಂ ರಿಸ್ಟೋರ್ ಎಂಬ ಸೌಕರ್ಯ ಯಂತ್ರದ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರುತ್ತದೆಯೇ ಹೊರತು ಅಳಿಸಿಹೋದ ಲೇಖನವನ್ನು ಮರಳಿ ಕೊಡುವುದಿಲ್ಲ. ರಿಪೇರಿಯವರು ಫಾರ್ಮ್ಯಾಟ್ ಮಾಡೋಣವೆಂದರೆ ಕೂಡಲೇ ಹೂಂಗುಟ್ಟಬೇಡಿ. ಡೆಸ್ಕ್‌ಟಾಪ್, ಮೈ ಡಾಕ್ಯುಮೆಂಟ್ಸ್ ಎರಡೂ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುವುದರಿಂದ ಅವೂ ಅಳಿಸಿಹೋಗುತ್ತವೆ. ಡಿ ಡ್ರೈವಿನಲ್ಲಿ ಪ್ರತಿಯಿದೆ ಎಂಬ ಧೈರ್ಯವೂ ಸಾಲದು. ಒಂದೇ ಡಿಸ್ಕಿನ ಎರಡು ಭಾಗಗಳು ಒಂದೇ ಬೀರುವಿನ ಎರಡು ಖಾನೆಗಳಷ್ಟೆ. ಬೀರುವಿಗೇ ಬೆಂಕಿ ಬಿದ್ದರೆ ಎರಡೂ ಹೋದವು. ಮೂಲ ಸಿಡಿ, ಅದರ ಗುರುತಿನ ಸಂಖ್ಯೆ, ಪ್ರಿಂಟರಿನ ಡ್ರೈವರ್ ಸಿಡಿ ಇವುಗಳನ್ನು ಒಂದೇ ಲಕೋಟೆಯಲ್ಲಿ ಹಾಕಿ ಮೇಲೆ ಹೆಸರು ಬರೆದಿಡಿ.

ಎಲ್ಲಕ್ಕಿಂತ ಮಿಗಿಲಾದದ್ದು ನಾಲ್ಕನೆಯದು. ಯಂತ್ರ ಇನ್ನೂ ಏಳುತ್ತಿರುವಾಗಲೇ ಕನ್ನಡವನ್ನು ಅದರಿಂದ ಹೊರತನ್ನಿ. ಮೊದಲು ಕಡತಗಳನ್ನೂ, ಅವುಗಳ ಜೊತೆಗೆ ಫಾಂಟುಗಳನ್ನೂ ಎರಡು ಬೇರೆ ಬೇರೆ ಸಾಧನಗಳಿಗೆ ಪ್ರತಿಮಾಡಿ, ಎರಡು ಮನೆಗಳಲ್ಲಿಡಿ. ಬಳಿಕ ಪ್ರತಿಯೊಂದನ್ನೂ ಫಾಂಟುಗಳು ಒಳಸೇರಿದ ಪಿಡಿಎಫ್ ಆಗಿ ಉಳಿಸಿ; ಆಗ ಯಾವ ಯಂತ್ರದಲ್ಲೂ ಇದ್ದದ್ದು ಇದ್ದಂತೆ ಕಾಣುತ್ತದೆ. ಆಮೇಲೆ ನುಡಿ, ಬರಹಗಳ ಪರಿವರ್ತಕಗಳ ಮೂಲಕ ಯೂನಿಕೋಡ್‌ಗೆ ಬದಲಿಸಿ. ಬದಲಿಸಿದ ಮೇಲೆ ಕರಡು ತಿದ್ದುವುದು ಅಗತ್ಯ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಇಡುತ್ತಿದ್ದರು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ ಅದು ಮೊದಲು ಬರುತ್ತದೆ. ಆದ್ದರಿಂದ ಕರ್ಮ, ಧರ್ಮ, ಸೂರ್ಯ ಮುಂತಾದ ಮಾತುಗಳಲ್ಲಿ ತಪ್ಪು ನುಸುಳಬಹುದು. ಈ ಕೆಲಸ ಮುಗಿದ ಮೇಲೂ ಹಳೆಯ ಪ್ರೋಗ್ರಾಂ ಬೇಕೆನಿಸಿದರೆ, ಹೊಸ ಯಂತ್ರದೊಳಗೆ ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶದಲ್ಲಿ ಎಕ್ಸ್‌ಪಿಗೆ ಒಂದು ಕೋಣೆ ಮಾಡಿಕೊಡಬಹುದು.

ಇದು ಎಕ್ಸ್‌ಪಿಯೊಂದರ ಕಥೆಯಲ್ಲ. ನಮ್ಮಲ್ಲಿ ಅನೇಕರು ಬಳಸುವ ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ರಂದು ಕಂಪನಿಯ ಸಾಮಾನ್ಯ ನೆರವು ಮುಗಿಯಿತು. ವ್ಯವಸ್ಥೆಗಳು ಬರುತ್ತವೆ, ನಿವೃತ್ತವಾಗುತ್ತವೆ. ಕಚೇರಿಯಲ್ಲಿ ವರ್ಗವಾದವರು ಚಾರ್ಜು ಒಪ್ಪಿಸದೆ ಹೋಗುವಂತಿಲ್ಲ. ಏನೇನಿದೆಯೆಂದು ಪಟ್ಟಿ ಮಾಡಿ, ಪಡೆದವರ ರುಜು ಹಾಕಿಸಿಕೊಳ್ಳಬೇಕು. ಹಳೆಯ ಯಂತ್ರದ ವಿಷಯದಲ್ಲೂ ನಮ್ಮ ಸಂಘಗಳು ಅಷ್ಟು ಮಾಡಿದರೆ ಸಾಕು. ಕಾರ್ಯಕಾರಿ ಸಮಿತಿಯ ಒಬ್ಬರಿಗೆ, ಜೊತೆಗೆ ಗಣಕ ಬಲ್ಲ ಒಬ್ಬ ಯುವಕನಿಗೋ ಯುವತಿಗೋ ಈ ಹೊಣೆಯನ್ನು ವಹಿಸಿ, ಮುಂದಿನ ವಾರ್ಷಿಕ ಸಭೆಯಲ್ಲಿ ಪಟ್ಟಿಯನ್ನು ಓದಿಸಬೇಕು. ಕನ್ನಡ ಓದಲು ಬಾರದೆ ಈ ನಗರದಲ್ಲಿ ಬೆಳೆಯುತ್ತಿರುವ ಮಕ್ಕಳು ಮುಂದೊಂದು ದಿನ ಆಸೆಪಟ್ಟು ಕಲಿತು ಅಜ್ಜನ ಬರಹವನ್ನು ಕೇಳಿದಾಗ, ಕೊಡಲು ಅದು ನಮ್ಮ ಕೈಯಲ್ಲಿರಬೇಕು.