ಸಲೇಶ್ವರದ ದಾರಿ: ಒಬ್ಬ ಅಳಿಯ, ಎರಡು ಮಾವನ ಮನೆ

ಹೈದರಾಬಾದಿನ ಕನ್ನಡಿಗರಿಗೆ ಶ್ರೀಶೈಲದ ಹೆದ್ದಾರಿ ಹೊಸದಲ್ಲ. ಮನ್ನನೂರು ದಾಟಿದೊಡನೆ ನಲ್ಲಮಲ ಅಡವಿ ದಟ್ಟವಾಗುತ್ತದೆ. ಅಲ್ಲಿಂದ ತುಸು ಮುಂದೆ, ಫರಹಾಬಾದ್ ಎಂಬಲ್ಲಿ, ಅರಣ್ಯ ಇಲಾಖೆಯ ಗೇಟೊಂದಿದೆ. ಅದರಾಚೆ, ಅಡವಿಯ ಒಡಲಲ್ಲಿ, ಸಲೇಶ್ವರವೆಂಬ ಕಂದರ. ಕಂದರದ ಕೊನೆಗೊಂದು ಜಲಪಾತ. ಅದರ ಬಳಿಯ ಗವಿಯಲ್ಲಿ ಲಿಂಗಮಯ್ಯನೆಂಬ ಶಿವ. ಹುಲಿಗಳ ಮೀಸಲು ಪ್ರದೇಶವಾದ್ದರಿಂದ ಅಲ್ಲಿಗೆ ಹೋಗಲು ಬಯಸಿದಾಗಲೆಲ್ಲ ಅಪ್ಪಣೆ ದೊರೆಯುವುದಿಲ್ಲ. ಚೈತ್ರ ಹುಣ್ಣಿಮೆಯ ಆಸುಪಾಸಿನ ಕೆಲವೇ ದಿನ, ಜಾತ್ರೆಗೆಂದು ದಾರಿ ತೆರೆಯುತ್ತದೆ. ಅಂಥ ಒಂದು ಚೈತ್ರದಲ್ಲಿ ನಾವು ನಾಲ್ವರು ಗೆಳೆಯರು ಹೊರಟೆವು.

ಹೊರಡುವಾಗ ನಮ್ಮ ಮನಸ್ಸಿನಲ್ಲಿದ್ದದ್ದು ಜಾತ್ರೆಯಲ್ಲ, ಅಕ್ಕಮಹಾದೇವಿ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದುಹೋದ 12ನೇ ಶತಮಾನದ ಆ ಹೆಣ್ಣುಮಗಳ ದಾರಿ ಹೇಗಿದ್ದಿರಬಹುದೆಂಬ ಕುತೂಹಲ ನಮ್ಮದು. ಅಕ್ಕನ ಹೆಸರಿನ ಗವಿಗೆ ಈಗ ಪಾತಾಳಗಂಗೆಯಿಂದ ದೋಣಿಯಲ್ಲಿ ಹೋಗುವುದೇ ರೂಢಿ. ಅಣೆಕಟ್ಟು ಕಟ್ಟಿ ಜಲಾಶಯ ತುಂಬಿದ ಮೇಲೆ ಕೃಷ್ಣೆಯ ಹಳೆಯ ದಂಡೆ ನೀರಿನಡಿ ಸೇರಿದೆ. ಸಲೇಶ್ವರಕ್ಕೂ ಅಕ್ಕನಿಗೂ ನಂಟು ಕಟ್ಟಲು ಹೊರಟವರಲ್ಲ ನಾವು. ಆದರೆ ಅದೇ ನಲ್ಲಮಲ, ಅದೇ ಬಂಡೆಯ ಕಂದರ. ಇಲ್ಲಿ ಮಾತ್ರ ಇಂದಿಗೂ ಕಾಲ್ನಡಿಗೆಯೇ ಗತಿ. ಅಷ್ಟು ಸಾಕಾಗಿತ್ತು.

ಫರಹಾಬಾದ್ ಎಂದರೆ ಪಾರಸಿಯಲ್ಲಿ ಸಂತೋಷದ ನೆಲೆ. ನಿಜಾಮರು ಬೇಟೆಗೂ ತಂಪಿಗೂ ಬರುತ್ತಿದ್ದ ತಾಣವಿದು. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರುಗಳೂ ಈ ಅಡವಿಯೂ ಒಂದೇ ಹೈದರಾಬಾದ್ ರಾಜ್ಯದೊಳಗಿದ್ದವು. ಗೇಟು ದಾಟಿ ಕಾಡಿನ ಮಣ್ಣುರಸ್ತೆಯಲ್ಲಿ ಬಹುದೂರ ಸಾಗಿದರೆ ರಾಂಪುರ ಪೆಂಟ. ಪೆಂಟವೆಂದರೆ ಚೆಂಚುಗಳ ಪುಟ್ಟ ಹಟ್ಟಿ. ಅಲ್ಲಿಗೆ ವಾಹನದ ಹಂಗು ಮುಗಿಯಿತು. ಮುಂದೆ ಬೆಟ್ಟದ ಇಳಿಜಾರು, ಸಡಿಲ ಕಲ್ಲು, ಬಿದಿರ ಮೆಳೆ. ಇಳಿಯುವವರು ಬರುತ್ತಿದ್ದೇವೆಂದು ಲಿಂಗಮಯ್ಯನನ್ನು ಕೂಗಿ ಕರೆಯುತ್ತಾರೆ; ಏರುವವರು ಹೋಗುತ್ತಿದ್ದೇವೆಂದು ಕೂಗಿ ಬೀಳ್ಕೊಳ್ಳುತ್ತಾರೆ. ಎರಡು ಕೂಗುಗಳೂ ಕಂದರದಲ್ಲಿ ಒಂದಕ್ಕೊಂದು ಎದುರಾಗುತ್ತವೆ. ನಿರ್ಜನವನ್ನು ಹುಡುಕಿ ಬಂದ ನಮಗೆ ಮೊದಮೊದಲು ಇದು ಕಿರಿಕಿರಿಯೆನಿಸಿತೆಂಬುದನ್ನು ಒಪ್ಪಿಕೊಳ್ಳಬೇಕು.

ಅರ್ಧ ದಾರಿಯಲ್ಲಿ ಮರದ ನೆರಳಿಗೆ ಕುಳಿತಾಗ ಚೆಂಚು ಹಿರಿಯರೊಬ್ಬರು ನಮ್ಮ ಮಾತನ್ನು ಕೇಳಿಸಿಕೊಂಡರು. ಯಾವ ಭಾಷೆಯೆಂದು ತೆಲುಗಿನಲ್ಲಿ ವಿಚಾರಿಸಿದರು. ಕನ್ನಡವೆಂದೆವು. ಅವರು ನಕ್ಕರು.

"ಹಾಗಾದರೆ ಯುಗಾದಿಗೆ ಹೊಳೆಯಾಚೆಯ ಅಮ್ಮನಿಗೆ ಸೀರೆ ತರುವವರು ನಿಮ್ಮ ಜನವೇ. ಮಲ್ಲಯ್ಯನನ್ನು ಅಳಿಯ ಅನ್ನುತ್ತೀರಂತೆ. ಅವನು ಮೊದಲು ನಮ್ಮ ಅಳಿಯನಯ್ಯಾ!"

ನಾವೂ ನಕ್ಕೆವು. ಆದರೆ ಆ ಮಾತು ನಮ್ಮೊಡನೆ ಕಂದರದ ತಳದವರೆಗೂ ಇಳಿದುಬಂತು.

ನಮ್ಮಲ್ಲೊಬ್ಬರು ಬಾಗಲಕೋಟೆಯ ಕಡೆಯವರು; ಅವರ ತಾಯಿ ಶ್ರೀಶೈಲಕ್ಕೆ ನಡೆದವರು. ಉತ್ತರ ಕರ್ನಾಟಕದಿಂದ ಸಾವಿರಾರು ಮಂದಿ ಕಂಬಿ ಹೊತ್ತು, ಯುಗಾದಿಯ ಹೊತ್ತಿಗೆ ಮಲ್ಲಯ್ಯನ ಸನ್ನಿಧಿ ಸೇರುತ್ತಾರೆ. ಕರ್ನೂಲಿನ ಕಡೆಯಿಂದ ಆತ್ಮಕೂರು, ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು, ಕೈಲಾಸದ್ವಾರ: ಇದು ಅವರ ಅಡವಿಯ ಹಾದಿ. ಭ್ರಮರಾಂಬೆ ಅವರ ಮನೆಮಗಳು, ಮಲ್ಲಿಕಾರ್ಜುನ ಅಳಿಯ. ಮಗಳಿಗೆ ಸೀರೆ, ಕುಪ್ಪಸ, ಬಳೆ ಒಯ್ಯುವುದು ತವರಿನ ಕರ್ತವ್ಯ. ಈ ನಡಿಗೆ ಇಂದಿನದಲ್ಲ. ರಾಘವಾಂಕನ 'ಸಿದ್ಧರಾಮ ಚಾರಿತ್ರ'ದಲ್ಲಿ ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ಬಾಲಕ ತನ್ನನ್ನು ಬಿಟ್ಟುಹೋದ ಮಲ್ಲಯ್ಯನನ್ನು ಅರಸಿ ಯಾತ್ರಿಕರೊಡನೆ ಹೊರಡುವುದು ಈ ಪರ್ವತಕ್ಕೇ. ಪಾಲ್ಕುರಿಕೆ ಸೋಮನಾಥನು ತನ್ನ ತೆಲುಗು 'ಪಂಡಿತಾರಾಧ್ಯ ಚರಿತ್ರ'ದಲ್ಲಿ ಒಂದು ಪ್ರಕರಣವನ್ನೇ ಪರ್ವತಕ್ಕೆ ಮೀಸಲಿಟ್ಟಿದ್ದಾನೆ. ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆ ಪಾತಾಳಗಂಗೆಗೆ ಮೆಟ್ಟಿಲು ಕಟ್ಟಿಸಿದಳು.

ಚೆಂಚುಗಳ ಕಥೆ ಬೇರೆ. ಬೇಟೆಗೆ ಬಂದ ಶಿವ ಚೆಂಚು ಹುಡುಗಿಯನ್ನು ಮೆಚ್ಚಿ, ಅವಳ ಕೈಹಿಡಿದು, ಚೆಂಚು ಮಲ್ಲಯ್ಯನಾಗಿ ಅಡವಿಯಲ್ಲೇ ಉಳಿದ. ಒಬ್ಬನೇ ಅಳಿಯನಿಗೆ ಹೆಣ್ಣು ಕೊಟ್ಟ ಎರಡು ಮನೆಗಳೆಂದ ಮೇಲೆ ನಂಟಸ್ತನ ತಪ್ಪಿದ್ದಲ್ಲ. ಕೃಷ್ಣೆಯ ಆಚೆ ನಾವು ಸೀರೆ ಒಯ್ಯುವ ನಂಟರು. ಈಚೆ ಇವರು ಬಾಗಿಲು ಕಾಯುವ ನಂಟರು. ಸಲೇಶ್ವರದ ಜಾತ್ರೆಯಲ್ಲಿ ಲಿಂಗಮಯ್ಯನಿಗೆ ಪೂಜೆ ಸಲ್ಲಿಸುವವರೂ ಚೆಂಚುಗಳೇ. ಆದರೂ ನಮ್ಮ ಕಲ್ಪನೆಯ ಕದಳಿಯಲ್ಲಿ ಅವರಿಗೆ ಜಾಗವೇ ಇರಲಿಲ್ಲ. ಗಿಳಿ, ಕೋಗಿಲೆ, ತುಂಬಿಗಳನ್ನು ನಿಲ್ಲಿಸಿ ಚೆನ್ನಮಲ್ಲಿಕಾರ್ಜುನನ ಸುಳಿವು ಕೇಳಿದ ಅಕ್ಕನನ್ನು ಕಾಲೇಜಿನ ದಿನಗಳಿಂದಲೂ ಓದಿಕೊಂಡು ಬಂದಿದ್ದೇವೆ. ಆ ಅಡವಿಯಲ್ಲಿ ಗೆಡ್ಡೆ ಅಗೆಯುವ ಕೋಲು ಹಿಡಿದ ಹೆಂಗಸೊಬ್ಬಳು ಅಕ್ಕನಿಗೆ ಎದುರಾಗಿರಬಹುದೆಂದು ಒಮ್ಮೆಯೂ ನಮಗೆ ಹೊಳೆದಿರಲಿಲ್ಲ.

ಆ ಕೋಲನ್ನು, ಆ ಜೀವನವನ್ನು ವಿವರವಾಗಿ ಬರೆದಿಟ್ಟವರು ಆಸ್ಟ್ರಿಯಾದ ಮಾನವಶಾಸ್ತ್ರಜ್ಞ ಕ್ರಿಸ್ಟೊಫ್ ಫಾನ್ ಫ್ಯೂರರ್-ಹೈಮೆಂಡಾರ್ಫ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿದ್ದ ಅವರು ಅಮ್ರಾಬಾದ್ ಪ್ರಸ್ಥಭೂಮಿಯ ಚೆಂಚುಗಳ ನಡುವೆ ಬಾಳಿ, 1943ರಲ್ಲಿ ಪುಸ್ತಕ ಪ್ರಕಟಿಸಿದರು. ಗೆಡ್ಡೆ, ಹಣ್ಣು, ಜೇನು, ಬೇಟೆ. ಅವನ್ನು ಕರುಣಿಸುವ ಗಾರೆಲ ಮೈಸಮ್ಮ. ಉಳುಮೆಯಿಲ್ಲದೆ ಬದುಕಿದ್ದ ಈ ಜನ ಅಡವಿಯ ಹೊರಗೆ ತಮ್ಮ ಬಾಳನ್ನು ಊಹಿಸಿಕೊಂಡವರಲ್ಲ.

ತಳ ತಲುಪಿದಾಗ ಮಧ್ಯಾಹ್ನ. ಎರಡೂ ಬದಿ ಬಂಡೆಯ ಗೋಡೆ, ಬಹು ಎತ್ತರದಿಂದ ಬೀಳುವ ನೀರು. ಚೈತ್ರದ ಬಿಸಿಲಿನಲ್ಲಿ ಸುತ್ತಲಿನ ಕಾಡೆಲ್ಲ ಒಣಗಿ ನಿಂತಿದ್ದರೂ ಧಾರೆ ಬತ್ತಿರಲಿಲ್ಲ. ತಲೆಯೊಡ್ಡಿದೆವು, ಮಾತು ನಿಂತಿತು. ಕಣ್ಣು ತೆರೆದಾಗ ಕಂಡದ್ದು ಹೊಂಡದ ಅಂಚಿನ ಪ್ಲಾಸ್ಟಿಕ್ ಬಾಟಲಿಗಳು. ಅವನ್ನು ಚೀಲಕ್ಕೆ ತುಂಬುತ್ತಿದ್ದ ಹುಡುಗರು ಯಾತ್ರಿಕರಲ್ಲ, ಪೆಂಟದವರು. ನಂಟರ ಮನೆಯಲ್ಲಿ ಉಂಡೆಲೆ ಬಿಟ್ಟೇಳುವುದು ಯಾವ ಮರ್ಯಾದೆ? ನಾವೂ ಬಾಗಿ ಒಂದಷ್ಟು ಆಯ್ದೆವು.

ಹಿಂದಿರುಗುವಾಗ ಇನ್ನೊಂದು ಪದ ಕಾಡತೊಡಗಿತು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ನಡುವೆ ದುಡಿಯುವ, ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ಪದಗಳ ಮೇಲೆ ಕಣ್ಣು ಹೆಚ್ಚು. ನಾಗಾರ್ಜುನಸಾಗರ–ಶ್ರೀಶೈಲ ಅಡವಿ 1983ರಲ್ಲಿ ಹುಲಿ ಯೋಜನೆಗೆ ಸೇರಿತು. 2014ರ ರಾಜ್ಯ ವಿಭಜನೆಯ ನಂತರ ತೆಲಂಗಾಣದ ಪಾಲು 2,611 ಚದರ ಕಿಲೋಮೀಟರಿನ ಅಮ್ರಾಬಾದ್ ಮೀಸಲಾಯಿತು. ವನ್ಯಜೀವಿ ಕಾಯ್ದೆಯ 2006ರ ತಿದ್ದುಪಡಿ ಇಂಥ ಕಾಡಿನ ಒಳಭಾಗವನ್ನು 'ಇನ್‌ವಯೊಲೇಟ್' ಆಗಿರಿಸಬೇಕೆನ್ನುತ್ತದೆ: ಯಾರೂ ಕೆಡಿಸದಂತೆ, ಕದಡದಂತೆ. ಅದೇ ವಾಕ್ಯದಲ್ಲಿ, ಅಡವಿವಾಸಿಗಳ ಹಕ್ಕುಗಳಿಗೆ ಚ್ಯುತಿ ಬಾರದಂತೆ ಎಂಬ ಮಾತೂ ಇದೆ. ಅದೇ ವರ್ಷದ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಅವರನ್ನು ಎಬ್ಬಿಸಕೂಡದೆನ್ನುತ್ತದೆ. ಆದರೂ ಒಳಕಾಡಿನ ಪೆಂಟಗಳನ್ನು ಹೊರಕ್ಕೆ ಸಾಗಿಸುವ ಮಾತು ಆಗಾಗ ಏಳುತ್ತಲೇ ಇರುತ್ತದೆ. 2019ರಲ್ಲಿ ಯುರೇನಿಯಂ ಶೋಧನೆಯ ಸುದ್ದಿ ಹಬ್ಬಿದಾಗ ಪ್ರತಿಭಟಿಸಿದವರಲ್ಲಿ ಚೆಂಚುಗಳೂ ಇದ್ದರು. ಆ ಸೆಪ್ಟೆಂಬರಿನಲ್ಲಿ ರಾಜ್ಯದ ವಿಧಾನಸಭೆ ಗಣಿಗಾರಿಕೆಯ ವಿರುದ್ಧ ನಿರ್ಣಯ ಕೈಗೊಂಡಿತು.

ಕಾಡಿನ ಒಳಭಾಗವನ್ನು ಖಾಲಿಯೆಂದು ಕಾಣುವ ಕಡತವನ್ನು ದೂರುವುದು ಸುಲಭ. ಅಡವಿಯನ್ನು ನಿರ್ಜನವೆಂದು ಕಂಡ ನಮ್ಮ ಓದೂ ಅದನ್ನೇ ಮಾಡಿತ್ತಲ್ಲ! ಚೆಂಚುಗಳು ಅಲ್ಲಿಲ್ಲವೆಂದೇ ಎರಡೂ ನಂಬಿದ್ದವು. ಆದರೆ ನಾವು ನಡೆದ ದಾರಿ ಅವರು ಸವೆಸಿದ ದಾರಿ.

ಏರುವಾಗ ಆ ಹಿರಿಯರು ಅದೇ ಮರದಡಿ ಇದ್ದರು. ನೀರು ಮಿಂದಿರಾ ಎಂದು ಕೇಳಿದರು. ಮಿಂದೆವೆಂದೆವು. ಮುಂದಿನ ಸಲ ಬರುವಾಗ ಅವರ ಮಗಳಿಗೂ ಒಂದು ಸೀರೆ ತರಬೇಕೆಂದು ಹೇಳಿದರು. ನಕ್ಕು ಹೇಳಿದ ಮಾತೇ; ಆದರೂ ಬಾಕಿಯೆಂದು ನಾವು ನೆನಪಿಟ್ಟುಕೊಂಡಿದ್ದೇವೆ.